ಅಲೆಯೊಳಗಿನ ಸದ್ದು

ರೇಡಿಯೋ ಕೇಳುವವರಿಗೆ ಗೊರಗೊರ ಸದ್ದು ಹೊಸದಲ್ಲ. ಮಿಂಚು, ಮೋಟಾರು, ಕೆಟ್ಟ ಸ್ವಿಚ್ಚು ಮುಂತಾದುವನ್ನು ನಾವು ದೂರುತ್ತೇವೆ. ಆದರೆ ಎಂಜಿನಿಯರುಗಳನ್ನು ಬಹುಕಾಲ ಕಾಡಿದ್ದು ಇನ್ನೊಂದು ಸದ್ದು. ಅದು ಅಲೆಯನ್ನು ಹುಟ್ಟಿಸುವ ಆಸಿಲೇಟರಿನ ಒಳಗೇ ಇರುತ್ತದೆ.

ಆಸಿಲೇಟರೆಂದರೆ, ತಾನು ಹಿಗ್ಗಿಸಿದ ಶಕ್ತಿಯ ಒಂದು ಪಾಲನ್ನು ತಾನೇ ಮರಳಿ ಪಡೆದು ಓಲಾಟವನ್ನು ನಿಲ್ಲದಂತೆ ನಡೆಸುವ ವಿದ್ಯುನ್ಮಂಡಲ. ಉಯ್ಯಾಲೆಯನ್ನು ತಕ್ಕ ಹೊತ್ತಿಗೆ ತಳ್ಳುತ್ತಿದ್ದ ಹಾಗೆ. ಹೀಗೆ ಶಕ್ತಿಯನ್ನು ಮರಳಿಸುವ ಉಪಾಯವನ್ನು 1912ರಲ್ಲಿ ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ವಾಲ್ವಿನಲ್ಲಿ ಕಂಡುಕೊಂಡನು. 1920ರ ದಶಕದಲ್ಲಿ ಅದನ್ನು ಬಳಸಿದ ಗ್ರಾಹಕಗಳ ತಿರುಪನ್ನು ಕೊಂಚ ಹೆಚ್ಚು ತಿರುಗಿಸಿದರೆ ಸಾಕು, ಅವೇ ಪುಟ್ಟ ಪ್ರೇಷಕಗಳಾಗಿ ನೆರೆಮನೆಯ ಸೆಟ್ಟನ್ನು ಕಿರುಚಿಸುತ್ತಿದ್ದುವು. 1923ರ ಹೊತ್ತಿಗೆ ಹೇಜಲ್‌ಟೈನ್ ಎಂಬವನ ನ್ಯೂಟ್ರೋಡೈನ್ ಸೆಟ್ಟು ಈ ಬೇಡದ ಓಲಾಟವನ್ನು ಅಳಿಸುವ ದಾರಿ ತೋರಿತು.

ಆಸಿಲೇಟರನ್ನು ಪಳಗಿಸಲು ವಾಲ್ಟರ್ ಕೇಡಿ 1921ರಲ್ಲಿ ಸ್ಫಟಿಕವನ್ನು ಬಳಸಿದನು. ಕಂಪನ ಸ್ಥಿರವಾಯಿತು, ಆದರೂ ಸದ್ದು ಪೂರ್ತಿ ಅಡಗಲಿಲ್ಲ. ಜರ್ಮನಿಯ ಷಾಟ್ಕಿ 1918ರಲ್ಲೇ, ವಾಲ್ವಿನಲ್ಲಿ ಎಲೆಕ್ಟ್ರಾನುಗಳು ಒಂದೊಂದಾಗಿ ಹನಿಯುವುದರಿಂದ ಸದ್ದೇಳುವುದೆಂದು ಹೇಳಿದ್ದನು. 1928ರಲ್ಲಿ ಬೆಲ್ ಪ್ರಯೋಗಾಲಯದ ಜಾನ್ಸನ್ ಮತ್ತು ನೈಕ್ವಿಸ್ಟರು, ಸುಮ್ಮನೆ ಬಿದ್ದಿರುವ ರೋಧಕವೂ ತನ್ನ ಶಾಖದಿಂದಲೇ ಸದ್ದು ಮಾಡುವುದೆಂದು ತೋರಿಸಿದರು. ಸದ್ದು ದೋಷವಲ್ಲ, ಪದಾರ್ಥದ ಸ್ವಭಾವವೇ ಎಂಬುದು ಆಗ ತಿಳಿಯಿತು.

ಇದು ಬರಿಯ ತತ್ತ್ವವಿಚಾರವಾಗಿ ಉಳಿಯಲಿಲ್ಲ. ಚಲಿಸುವ ವಿಮಾನವನ್ನು ಡಾಪ್ಲರ್ ರಾಡಾರಿನಲ್ಲಿ ಕಾಣಬೇಕಾದರೆ, ನೆಲದಿಂದ ಮರಳುವ ಪ್ರಬಲ ಪ್ರತಿಧ್ವನಿಯ ಪಕ್ಕದಲ್ಲೇ ಇರುವ ಕ್ಷೀಣ ಪ್ರತಿಧ್ವನಿಯನ್ನು ಹೆಕ್ಕಬೇಕು. ಆಸಿಲೇಟರಿನ ಅಲೆಯ ಇಕ್ಕೆಲಗಳಲ್ಲಿ ಸದ್ದು ಹರಡಿದ್ದರೆ ವಿಮಾನ ಅದರಲ್ಲೇ ಮುಳುಗಿಹೋಗುತ್ತದೆ. 1966ರಲ್ಲಿ ಡೇವಿಡ್ ಲೀಸನ್ ಎಂಬ ಅಮೆರಿಕನ್ ಎಂಜಿನಿಯರು ಈ ಹರಡುವಿಕೆಗೆ ಒಂದು ಸರಳ ಸೂತ್ರ ಕೊಟ್ಟನು. ಫೀಡ್‌ಬ್ಯಾಕು ಓಲಾಟವನ್ನು ಪೋಷಿಸುವಂತೆಯೇ ಅಲೆಯ ಸಮೀಪದ ಸದ್ದನ್ನೂ ಹಿಗ್ಗಿಸುತ್ತದೆ. ಶ್ರುತಿಮಂಡಲದ ಗುಣ, ಅಂದರೆ ಎಂಜಿನಿಯರು ಹೇಳುವ 'ಕ್ಯೂ', ಇಮ್ಮಡಿಯಾದರೆ ಆ ಸದ್ದಿನ ಶಕ್ತಿ ಕಾಲುಭಾಗಕ್ಕಿಳಿಯುತ್ತದೆ.

ಈ ಇತಿಹಾಸವೇ ದೋಷ ಹುಡುಕುವವನಿಗೆ ಕ್ರಮವನ್ನೂ ಕಲಿಸುತ್ತದೆ. ಮೊದಲು ಹೊರಗಿನದನ್ನು ತಳ್ಳಿಹಾಕಬೇಕು. ಬ್ಯಾಟರಿಯಿಂದ ನಡೆಸಿದಾಗ ಗುಂಯ್ಗುಟ್ಟುವುದು ನಿಂತರೆ ತಪ್ಪು ವಿದ್ಯುತ್ ಪೂರೈಕೆಯದು. ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿದಾಗ ಸದ್ದು ಬದಲಾದರೆ ಬಿಗಿಯಿಲ್ಲದ ಭಾಗವೊಂದು ಅದುರುತ್ತಿದೆ. ಎರಡೂ ಅಲ್ಲವೆಂದಾದ ಮೇಲೆ ಟ್ರಾನ್ಸಿಸ್ಟರು, ರೋಧಕ, ಶ್ರುತಿಮಂಡಲಗಳ ಸರದಿ. ಈ ಕ್ರಮ ತಪ್ಪಿದರೆ ಒಳ್ಳೆಯ ಸ್ಫಟಿಕವನ್ನು ಬಿಸುಟು ಕೆಟ್ಟ ತಂತಿಯನ್ನು ಉಳಿಸಿಕೊಂಡಂತಾದೀತು.

ಇಂದಿನ ಮೊಬೈಲ್ ಫೋನಿನೊಳಗೂ ಆಸಿಲೇಟರುಂಟು. ಅದರ ಅಲೆ ಮಲಿನವಾದರೆ ಪಕ್ಕದ ಚಾನೆಲ್ಲಿನ ಪ್ರಬಲ ಸಂಕೇತ ನಮ್ಮ ಮಾತಿನ ಮೇಲೆ ಬಂದು ಕೂರುತ್ತದೆ. 1920ರ ದಶಕದ ನೆರೆಮನೆಯ ಜಗಳ ಹೀಗೆ ಇನ್ನೂ ಮುಗಿದಿಲ್ಲ. ಅಂಗೈಯೊಳಕ್ಕೆ ಬಂದಿದೆ, ಅಷ್ಟೆ.