ದಿವಾನ್ ರಂಗಾಚಾರ್ಲು ಮತ್ತು ಪ್ರಜಾಪ್ರತಿನಿಧಿ ಸಭೆ

ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರುಗಳ ಆಳ್ವಿಕೆ ಮುಗಿದು 1881ರ ಮಾರ್ಚ್ 25ರಂದು ಮೈಸೂರು ಸಂಸ್ಥಾನ ಮತ್ತೆ ಒಡೆಯರ ಕೈಸೇರಿತು. ಯುವಕರಾದ ಚಾಮರಾಜ ಒಡೆಯರಿಗೆ ದಿವಾನರಾಗಿ ನಿಂತವರು ಮದರಾಸು ಪ್ರಾಂತದಿಂದ ಬಂದಿದ್ದ ಸಿ. ವಿ. ರಂಗಾಚಾರ್ಲು.

ಅವರ ಪಾಲಿಗೆ ಬಂದ ಸಂಸ್ಥಾನವಾದರೂ ಎಂಥದು? 1876-78ರ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಅಳಿದಿದ್ದರು. ಬೊಕ್ಕಸ ಬರಿದಾಗಿ 80 ಲಕ್ಷ ರೂಪಾಯಿ ಸಾಲ ತಲೆಯ ಮೇಲಿತ್ತು. ರಂಗಾಚಾರ್ಲು ಆಡಳಿತದ ವೆಚ್ಚ ತಗ್ಗಿಸಿದರು. ಬರ ಬಂದರೆ ಧಾನ್ಯ ಸಾಗಿಸಲು ರೈಲುದಾರಿ ಬೇಕೆಂದು ಬೆಂಗಳೂರು-ಮೈಸೂರು ಮಾರ್ಗದ ಕೆಲಸ ಮುಂದುವರಿಸಿದರು. ಇಷ್ಟನ್ನು ಬೇರೆ ದಿವಾನರೂ ಮಾಡಬಹುದಿತ್ತು. ಅವರು ಇನ್ನೊಂದು ಹೆಜ್ಜೆ ಇಟ್ಟರು.

1881ರ ಅಕ್ಟೋಬರ್ 7ರಂದು, ದಸರೆಯ ಬೆನ್ನಿಗೇ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. ತಾಲ್ಲೂಕುಗಳ ಜಮೀನುದಾರರು, ವರ್ತಕರು ಸೇರಿ 144 ಮಂದಿ. ಅವರು ಚುನಾಯಿತರಲ್ಲ; ಕಾನೂನು ಮಾಡುವ ಅಧಿಕಾರವೂ ಅವರಿಗಿರಲಿಲ್ಲ. ಹಾಗಾದರೆ ಇದು ಬರಿಯ ದರ್ಬಾರೇ? ಅಲ್ಲ. ದಿವಾನರು ಎದ್ದು ನಿಂತು ಆದಾಯ-ವೆಚ್ಚದ ಲೆಕ್ಕ ಒಪ್ಪಿಸಿದರು. ಮುಂದಿನ ಯೋಜನೆ ತಿಳಿಸಿದರು. ಅವರ ಅಹವಾಲು ಕೇಳಿದರು. ಭಾರತ ರಾಷ್ಟ್ರೀಯ ಕಾಂಗ್ರೆಸ್ ಹುಟ್ಟಲು ಆಗಿನ್ನೂ ನಾಲ್ಕು ವರ್ಷವಿತ್ತು.

1883ರ ಜನವರಿಯಲ್ಲಿ ರಂಗಾಚಾರ್ಲು ತೀರಿಕೊಂಡರು. ದಿವಾನಗಿರಿ ಎರಡು ವರ್ಷವೂ ತುಂಬಿರಲಿಲ್ಲ. ಸಭೆ ಮಾತ್ರ ಬೆಳೆಯಿತು: ಮುಂದಿನ ದಶಕದಲ್ಲಿ ಚುನಾವಣೆ ಬಂತು, 1923ರಲ್ಲಿ ಅಧಿಕಾರ ಹೆಚ್ಚಿತು, 1949ರವರೆಗೂ ಅದು ನಡೆಯಿತು.

ಮೈಸೂರಿನ ಪುರಭವನಕ್ಕೆ ಅವರ ಹೆಸರಿದೆ. ಆದರೆ ಅವರ ನಿಜವಾದ ಸ್ಮಾರಕ ಬೇರೆ: ಆಳುವವರು ಆಳಿಸಿಕೊಳ್ಳುವವರಿಗೆ ಲೆಕ್ಕ ಕೊಡಬೇಕೆಂಬ ರೂಢಿ. ಅದು ಸಾಲದಲ್ಲಿ ಮುಳುಗಿದ್ದ ಸಂಸ್ಥಾನದಲ್ಲಿ ಆರಂಭವಾಯಿತೆಂಬುದೇ ವಿಶೇಷ.