ಟೀನಾ ಬ್ರೂಕ್ಸ್: ಕಪಾಟು ಸೇರಿದ ಮೂರು ರೆಕಾರ್ಡು

4052. ಇದೊಂದು ರೆಕಾರ್ಡಿನ ನಂಬರು. ನ್ಯೂಯಾರ್ಕಿನ ಬ್ಲೂ ನೋಟ್ ಕಂಪನಿ 1960ರಲ್ಲಿ ಧ್ವನಿಮುದ್ರಿಸಿದ ಎಲ್.ಪಿ.ಯೊಂದಕ್ಕೆ ಕೊಟ್ಟಿದ್ದ ನಂಬರು. 'ಬ್ಯಾಕ್ ಟು ದ ಟ್ರ್ಯಾಕ್ಸ್' ಅಂತ ಹೆಸರಿಟ್ಟಾಗಿತ್ತು, ಕವರು ತಯಾರಾಗಿತ್ತು, ಸಂಗೀತ ಟೇಪಿನಲ್ಲಿ ಕೂತಿತ್ತು. ರೆಕಾರ್ಡು ಮಾತ್ರ ಅಂಗಡಿಗೆ ಬರಲಿಲ್ಲ. ಅದನ್ನು ನುಡಿಸಿದ ಟೀನಾ ಬ್ರೂಕ್ಸ್ 1974ರಲ್ಲಿ ತೀರಿಕೊಂಡರು. ಆಮೇಲೂ ಹನ್ನೊಂದು ವರ್ಷ ಅದು ಕಪಾಟಿನಲ್ಲೇ ಬಿದ್ದಿತ್ತು.

ರಾಜರ ಪಟ್ಟಿ, ಯುದ್ಧದ ಪಟ್ಟಿ ಬಾಯಿಪಾಠ ಮಾಡಿ ಅದೇ ಚರಿತ್ರೆ ಅಂದುಕೊಂಡು ಬೆಳೆದವರು ನಾವು. ಒಂದು ಕಪಾಟಿಗೂ ಚರಿತ್ರೆ ಇರುತ್ತದೆ ಅನ್ನೋದು ನಮಗೆ ಸುಲಭಕ್ಕೆ ಹೊಳೆಯುವುದಿಲ್ಲ. ಒಳಗೆ ಏನು ಉಳಿಯಿತು, ಬೀಗದ ಕೈ ಯಾರ ಹತ್ತಿರ ಇತ್ತು? ಇದನ್ನು ಕೇಳದೆ ಜಾಜ್ ಸಂಗೀತದ ಚರಿತ್ರೆ ಬರೆದರೆ ಅದು ಕಂಪನಿಗಳ ಮಾರಾಟದ ಲೆಕ್ಕವಾಗುತ್ತದೆ, ಅಷ್ಟೆ.

ಟೀನಾ ಅಂದರೆ ಹೆಂಗಸಲ್ಲ. ಪೂರ್ತಿ ಹೆಸರು ಹೆರಾಲ್ಡ್ ಫ್ಲಾಯ್ಡ್ ಬ್ರೂಕ್ಸ್. ಹುಡುಗನಾಗಿದ್ದಾಗ ಆಳು ಸಣ್ಣ, ಹಾಗಾಗಿ ಕರೆದ ಹೆಸರು ಕೊನೆತನಕ ಅಂಟಿಕೊಂಡಿತು. ಹುಟ್ಟಿದ್ದು 1932ರ ಜೂನ್ 7ರಂದು, ಉತ್ತರ ಕೆರೊಲಿನಾದ ಫೇಯೆಟ್‌ವಿಲ್‌ನಲ್ಲಿ. ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಸ್ಸಿನಲ್ಲಿ ಹಿಂದಿನ ಸೀಟು, ನೀರು ಕುಡಿಯೋಕೆ ಬೇರೆ ನಲ್ಲಿ, ಇದೆಲ್ಲ ಕಾನೂನಾಗಿದ್ದ ಸೀಮೆ ಅದು. 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಕಪ್ಪು ಜನ ಅಂಥ ದಕ್ಷಿಣದ ರಾಜ್ಯಗಳನ್ನು ಬಿಟ್ಟು ಗಂಟುಮೂಟೆ ಕಟ್ಟಿಕೊಂಡು ಹೊರಟರು. ಬ್ರೂಕ್ಸ್‌ರ ಮನೆಯವರೂ 1944ರಲ್ಲಿ ನ್ಯೂಯಾರ್ಕಿಗೆ ಬಂದರು. ಅಣ್ಣ ಬಬ್ಬಾ ಬ್ರೂಕ್ಸ್ ಟೆನರ್ ಸ್ಯಾಕ್ಸೋಫೋನ್ ಊದುತ್ತಿದ್ದರು. ತಮ್ಮನೂ ಅದನ್ನೇ ಹಿಡಿದರು. ನಮ್ಮ ಕದ್ರಿ ಗೋಪಾಲನಾಥರು ಊದುತ್ತಿದ್ದ ಆಲ್ಟೋ ಸ್ಯಾಕ್ಸೋಫೋನಿಗಿಂತ ಟೆನರ್ ದೊಡ್ಡದು, ಅದರ ದನಿ ದಪ್ಪ.

ಬ್ರೂಕ್ಸ್ ಯಾವ ಸಂಗೀತ ಶಾಲೆಯ ಬಿರುದನ್ನೂ ಹಿಡಿದುಕೊಂಡು ಬಂದವರಲ್ಲ. ಸನ್ನಿ ಥಾಂಪ್ಸನ್, ಚಾರ್ಲ್ಸ್ ಬ್ರೌನ್, ಏಮಸ್ ಮಿಲ್ಬರ್ನ್ ಇವರ ರಿದಮ್ ಅಂಡ್ ಬ್ಲೂಸ್ ತಂಡಗಳಲ್ಲಿ ಊರೂರು ತಿರುಗಿ ನುಡಿಸಿದವರು. ಕುಣಿಯೋಕೆ ಬಂದ ಕೂಲಿ ಜನರನ್ನು ಕುಣಿಸಬೇಕು, ಇಲ್ಲದಿದ್ದರೆ ಊಟವಿಲ್ಲ. ಈ ಮಾತನ್ನು ಯಾಕೆ ಒತ್ತಿ ಹೇಳುತ್ತೇವೆ ಅಂದರೆ, ಹಾರ್ಡ್ ಬಾಪ್ ಅನ್ನುವ ಸಂಗೀತ ಹುಟ್ಟಿದ್ದೇ ಈ ದುಡಿಮೆಯಿಂದ. 1940ರ ದಶಕದ ಬೀಬಾಪ್ ಬಲು ಚುರುಕಿನ, ಬಲು ತಿರುವಿನ ಸಂಗೀತ. 1950ರ ದಶಕದ ನಡುವೆ ಕಪ್ಪು ಸಂಗೀತಗಾರರು ಅದರ ಜಾಣತನವನ್ನು ಬಿಡದೆ, ಚರ್ಚಿನಲ್ಲಿ ತಾಯಂದಿರು ಹಾಡಿದ್ದನ್ನೂ ಬ್ಲೂಸನ್ನೂ ಅದರೊಳಕ್ಕೆ ತಂದು ಕೂರಿಸಿದರು. ಕೆಲವು ವಿಮರ್ಶಕರು ಇದು ಒರಟು, ಇದು ಹಿಂದಕ್ಕೆ ಹೋದಂತೆ ಅಂತ ಮೂಗು ಮುರಿದರು. ಬೆವರಿನ ವಾಸನೆ ಬಂದ ಕಡೆಯೆಲ್ಲ ಮೂಗು ಮುರಿಯುವುದು ವಿಮರ್ಶಕರ ಹಳೆ ಚಾಳಿ. ಇರಲಿ.

ಬ್ಲೂ ನೋಟ್ ಕಂಪನಿಯನ್ನು 1939ರಲ್ಲಿ ಶುರು ಮಾಡಿದ ಆಲ್ಫ್ರೆಡ್ ಲಯನ್ ಬರ್ಲಿನ್‌ನ ಯಹೂದಿ. ಅವರ ಜೊತೆಗಾರ ಫ್ರಾನ್ಸಿಸ್ ವುಲ್ಫ್ ನಾಜಿಗಳಿಂದ ತಪ್ಪಿಸಿಕೊಂಡು ಬಂದವರು. ಇಬ್ಬರೂ ಕಪ್ಪು ಸಂಗೀತಗಾರರನ್ನು ಮರ್ಯಾದೆಯಿಂದ ಕಂಡರು. ಧ್ವನಿಮುದ್ರಣಕ್ಕೆ ಮುಂಚೆ ಅಭ್ಯಾಸ ಮಾಡುವ ದಿನಗಳಿಗೂ ದುಡ್ಡು ಕೊಟ್ಟರು. ಬೇರೆ ಕಂಪನಿಗಳಲ್ಲಿ ಇದು ಅಪರೂಪ. ಇದನ್ನೆಲ್ಲ ಮರೆಮಾಚಿ ಅವರನ್ನು ಬರೀ ಶೋಷಕರು ಅಂತ ಬೈದರೆ ಕೆಲಸ ಸುಲಭ, ಆದರೆ ಅದು ನಿಜವಲ್ಲ. ನಮಗೆ ಬೇಕಾದ್ದು ಇನ್ನೂ ಕಷ್ಟದ ಪ್ರಶ್ನೆ: ಒಳ್ಳೆಯ ಒಡೆಯನ ಕೈಯಲ್ಲೂ ಕೆಲಸಗಾರನ ದುಡಿಮೆ ಕಪಾಟು ಸೇರುತ್ತದಲ್ಲ, ಅದು ಹೇಗೆ?

ಬ್ಲೂ ನೋಟಿಗೆ ಬ್ರೂಕ್ಸ್ ಮೊದಲು ನುಡಿಸಿದ್ದು 1958ರ ಫೆಬ್ರವರಿ 25ರಂದು, ಆರ್ಗನ್ ವಾದಕ ಜಿಮ್ಮಿ ಸ್ಮಿತ್ ಜೊತೆ. 'ದ ಸರ್ಮನ್' ಅನ್ನುವ ಇಪ್ಪತ್ತು ನಿಮಿಷದ ಬ್ಲೂಸಿನಲ್ಲಿ ಅವರ ದನಿ ಇದೆ. ಮೂರು ವಾರಕ್ಕೇ, ಮಾರ್ಚ್ 16ರಂದು, ಲಯನ್ ಅವರನ್ನು ಸ್ವಂತ ಹೆಸರಿನಲ್ಲಿ ಮುದ್ರಿಸಿದರು. ಟ್ರಂಪೆಟ್ ಹತ್ತೊಂಬತ್ತು ವರ್ಷದ ಲೀ ಮಾರ್ಗನ್, ಪಿಯಾನೋ ಸನ್ನಿ ಕ್ಲಾರ್ಕ್, ಡ್ರಮ್ಸ್ ಆರ್ಟ್ ಬ್ಲೇಕಿ. ಹೀಗಿದ್ದ ತಂಡದ ಟೇಪು ಸೀದಾ ಕಪಾಟಿಗೆ ಹೋಯಿತು. 'ಮೈನರ್ ಮೂವ್' ಅಂತ ಅದು ಹೊರಬಂದದ್ದು 1980ರಲ್ಲಿ, ಅದೂ ಜಪಾನಿನಲ್ಲಿ.

1960ರ ಜೂನ್ ತಿಂಗಳನ್ನು ನೋಡಿ. 19ರಂದು ಫ್ರೆಡಿ ಹಬಾರ್ಡ್ ಅನ್ನುವ 22 ವರ್ಷದ ಟ್ರಂಪೆಟ್ ಹುಡುಗ ತನ್ನ ಮೊದಲ ರೆಕಾರ್ಡು 'ಓಪನ್ ಸೆಸಮಿ' ಮಾಡಿದ. ಅದರ ಹೆಸರಿನ ಹಾಡನ್ನು ಕಟ್ಟಿಕೊಟ್ಟವರು ಬ್ರೂಕ್ಸ್. ಆರೇ ದಿನಕ್ಕೆ, 25ರಂದು, ಅದೇ ಹಬಾರ್ಡ್ ಬ್ರೂಕ್ಸ್‌ರ 'ಟ್ರೂ ಬ್ಲೂ'ದಲ್ಲಿ ಜೊತೆಗೆ ನಿಂತ. ಎರಡೂ ಆದದ್ದು ನ್ಯೂಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿದ್ದ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ. ನಂಬರು ಕೂಡ ಅಕ್ಕಪಕ್ಕ, 4040 ಮತ್ತು 4041. ಹಬಾರ್ಡ್ ಅಲ್ಲಿಂದ ಏರುತ್ತಾ ಹೋದ. ಬ್ರೂಕ್ಸ್ ಬದುಕಿದ್ದಾಗ ಅವರ ಹೆಸರಿನಲ್ಲಿ ಹೊರಬಂದ ರೆಕಾರ್ಡು 'ಟ್ರೂ ಬ್ಲೂ' ಒಂದೇ.

ಆ ಒಂದನ್ನಾದರೂ ಕಿವಿಯಿಟ್ಟು ಕೇಳಬೇಕು. ಆರು ಹಾಡಿನಲ್ಲಿ ಐದು ಅವರವೇ. ಟೆನರ್ ಅಂದರೆ ಗುಡುಗಬೇಕು ಅಂತ ಅಂದುಕೊಂಡವರಿಗೆ ಮೊದಲಿಗೆ ನಿರಾಸೆಯಾಗಬಹುದು. ಬ್ರೂಕ್ಸ್ ಗುಡುಗುವುದಿಲ್ಲ. ಮಾತು ಎಳೆದೆಳೆದು ಆಡುವ ಮನುಷ್ಯನ ಹಾಗೆ, ಒಂದು ಸಾಲು ಮುಗಿಯಿತು ಅನ್ನುವಾಗ ಅದಕ್ಕೇ ಇನ್ನೊಂದು ಎಳೆ ಜೋಡಿಸುತ್ತಾರೆ. 'ಥೀಮ್ ಫಾರ್ ಡೋರಿಸ್' ಲ್ಯಾಟಿನ್ ನಡೆಯಲ್ಲಿ ಕುಣಿದುಕೊಂಡು ಹೋಗುತ್ತದೆ, ಆದರೆ ಒಳಗೊಳಗೇ ಅಳು ಇದೆ. ಮೆರೆಯೋ ಸಂಗೀತ ಅಲ್ಲ ಇದು. ನಮ್ಮ ಮಟ್ಟಿಗೆ ಹೇಳುವುದಾದರೆ, ಆ ಕಾಲದ ಹೆಸರುವಾಸಿಗಳ ಎಷ್ಟೋ ರೆಕಾರ್ಡುಗಳಿಗಿಂತ ಇದು ಹೆಚ್ಚು ದಿನ ತಲೆಯಲ್ಲಿ ಉಳಿಯುತ್ತದೆ.

ಅದೇ ವರ್ಷದ ಅಕ್ಟೋಬರ್ 20ಕ್ಕೆ 4052ರ ಧ್ವನಿಮುದ್ರಣವಾಯಿತು. 1961ರ ಮಾರ್ಚ್ 2ಕ್ಕೆ ಇನ್ನೊಂದು, 'ದ ವೇಟಿಂಗ್ ಗೇಮ್'. ಎರಡೂ ಕಪಾಟಿಗೆ. ಲಯನ್ ಮಾರಬಹುದಾದ್ದಕ್ಕಿಂತ ಹೆಚ್ಚು ಮುದ್ರಿಸುತ್ತಿದ್ದರು. ಹ್ಯಾಂಕ್ ಮೋಬ್ಲಿ, ಗ್ರಾಂಟ್ ಗ್ರೀನ್‌ರ ಎಷ್ಟೋ ಟೇಪುಗಳಿಗೂ ಇದೇ ಗತಿ. ಕಂಪನಿಯನ್ನು ಸಾಕಿದ್ದು ಜಿಮ್ಮಿ ಸ್ಮಿತ್, ಹೊರೇಸ್ ಸಿಲ್ವರ್‌ರಂಥವರ ರೆಕಾರ್ಡುಗಳು. ಅಂಥವರಿಗೆ ಸ್ವಂತ ತಂಡ ಇತ್ತು, ಊರೂರು ಹೋಗಿ ನುಡಿಸುತ್ತಿದ್ದರು, ಅವರು ಹೋದ ಕಡೆ ರೆಕಾರ್ಡು ಖರ್ಚಾಗುತ್ತಿತ್ತು. ಬ್ರೂಕ್ಸ್‌ಗೆ ಅಂಥ ತಂಡ ಇರಲಿಲ್ಲ. ತಂಡ ಕಟ್ಟೋಕೆ ಹೆಸರು ಬೇಕು, ಹೆಸರಿಗೆ ರೆಕಾರ್ಡು ಬೇಕು, ರೆಕಾರ್ಡು ಹೊರಬರೋಕೆ ತಂಡ ಬೇಕು. ಈ ಸುತ್ತಿನೊಳಗೆ ಸಿಕ್ಕ ಮನುಷ್ಯ ಎಲ್ಲಿಗೆ ಹೋಗಬೇಕು?

ಹೆರಾಯಿನ್ ಅವರನ್ನು ತಿಂದಿತು ಅಂತ ಬರೆದು ಮುಗಿಸುವವರಿದ್ದಾರೆ. ಸುಳ್ಳಲ್ಲ, ಅವರು ಆ ಚಟಕ್ಕೆ ಬಿದ್ದಿದ್ದರು. ಆದರೆ ಸುತ್ತಲಿನ ಏರ್ಪಾಟನ್ನೂ ನೋಡಬೇಕು. 1940ರಿಂದ 1967ರವರೆಗೆ ನ್ಯೂಯಾರ್ಕಿನಲ್ಲಿ ಹೆಂಡ ಮಾರುವ ಕ್ಲಬ್ಬುಗಳಲ್ಲಿ ನುಡಿಸಬೇಕಾದರೆ ಪೊಲೀಸರಿಂದ ಕ್ಯಾಬರೇ ಕಾರ್ಡು ಪಡೆಯಬೇಕಿತ್ತು. ಮಾದಕವಸ್ತುವಿನ ಕೇಸಾದರೆ ಕಾರ್ಡು ಕಿತ್ತುಕೊಳ್ಳುತ್ತಿದ್ದರು. ಬಿಲ್ಲಿ ಹಾಲಿಡೇ, ಥೆಲೋನಿಯಸ್ ಮಾಂಕ್, ಬ್ರೂಕ್ಸ್‌ರ ಗೆಳೆಯ ಜಾಕಿ ಮೆಕ್ಲೀನ್, ಎಲ್ಲರೂ ಹೀಗೆ ಕಾರ್ಡು ಕಳೆದುಕೊಂಡವರೇ. ಚಟವನ್ನು ಕಾಯಿಲೆ ಅಂತ ಕಂಡಿದ್ದರೆ ಔಷಧಿ ಕೊಡುತ್ತಿದ್ದರು. ಅಪರಾಧ ಅಂತ ಕಂಡು ಅನ್ನ ಕಿತ್ತರು. ಮೆಕ್ಲೀನ್ 1959ರಲ್ಲಿ ಲಿವಿಂಗ್ ಥಿಯೇಟರಿನ 'ದ ಕನೆಕ್ಷನ್' ನಾಟಕದಲ್ಲಿ ಸೇರಿಕೊಂಡರು. ಹೆರಾಯಿನ್ ತರುವವನಿಗಾಗಿ ಕಾಯುತ್ತಾ ಕೂತ ಜನರ ನಾಟಕ ಅದು. ಮೆಕ್ಲೀನ್ ಬಾರದ ದಿನ ರಂಗಕ್ಕೆ ಹೋಗಬೇಕಾಗಿದ್ದ ಬದಲಿ ಕಲಾವಿದ ಟೀನಾ ಬ್ರೂಕ್ಸ್.

1961ರ ನಂತರ ಅವರು ಯಾವ ಸ್ಟುಡಿಯೋದಲ್ಲೂ ಮುದ್ರಿಸಲಿಲ್ಲ. 1974ರ ಆಗಸ್ಟ್ 13ರಂದು ಸತ್ತಾಗ ವಯಸ್ಸು 42. ಮೈಕಲ್ ಕಸ್ಕೂನಾ ಅನ್ನುವವರು ಬ್ಲೂ ನೋಟ್ ಕಪಾಟುಗಳನ್ನು ತಡಕಿ ಟೇಪುಗಳನ್ನು ಹೊರಗೆಳೆದರು, 1985ರಲ್ಲಿ ಮೊಸಾಯಿಕ್ ಕಂಪನಿ ನಾಲ್ಕನ್ನೂ ಒಂದೇ ಪೆಟ್ಟಿಗೆಯಲ್ಲಿ ತಂದಿತು. ಈಗ 'ಟ್ರೂ ಬ್ಲೂ'ದ ಹಳೆ ಪ್ಲೇಟು ಸಂಗ್ರಹಕಾರರ ನಡುವೆ ಸಾವಿರಾರು ಡಾಲರಿಗೆ ಕೈ ಬದಲಾಗುತ್ತದೆ. ಬ್ರೂಕ್ಸ್‌ಗೆ ಇದರಲ್ಲಿ ಕಾಸೂ ಇಲ್ಲ.

4052ರಲ್ಲಿ 'ಸ್ಟ್ರೀಟ್ ಸಿಂಗರ್' ಅಂತ ಒಂದು ಹಾಡಿದೆ, ಬ್ರೂಕ್ಸ್ ಕಟ್ಟಿದ್ದು. ಅದನ್ನು ಮಾತ್ರ ಅಕ್ಟೋಬರ್‌ನಲ್ಲಲ್ಲ, ಸೆಪ್ಟೆಂಬರ್ 1ರಂದು ಮುದ್ರಿಸಿದ್ದರು, ಮೆಕ್ಲೀನ್ ಪಕ್ಕದಲ್ಲಿ ನಿಂತಿದ್ದಾಗ. ಆವತ್ತು ನುಡಿಸಿದ 'ಅಪಾಯಿಂಟ್‌ಮೆಂಟ್ ಇನ್ ಘಾನಾ', ಮತ್ತೆ ಬ್ರೂಕ್ಸ್‌ರದ್ದೇ ಆದ 'ಐಲ್ ಆಫ್ ಜಾವಾ', ಮೆಕ್ಲೀನ್ ಹೆಸರಿನ ರೆಕಾರ್ಡಿನಲ್ಲಿ ಆಗಲೇ ಹೊರಬಂದವು. ಅದೇ ಕೋಣೆ, ಅದೇ ಆರು ಜನ, ಅದೇ ದಿನ. 'ಸ್ಟ್ರೀಟ್ ಸಿಂಗರ್' ಬ್ರೂಕ್ಸ್ ಹೆಸರಿಗೆ ಅಂತ ಎತ್ತಿಟ್ಟಿದ್ದರು. ಅದು ವರ್ಷಗಟ್ಟಲೆ ಕಾಯಿತು.