ದುರ್ಗದ ಹೊಂಡಗಳೂ ಗೃಹನಿರ್ಮಾಪಕರ ಜಲಶಿಕ್ಷಣವೂ

ಚಿತ್ರದುರ್ಗದ ಇತಿಹಾಸವನ್ನು ಬರೆದವರು ಪಾಳೆಯಗಾರರ ಯುದ್ಧಗಳನ್ನೂ, 1779ರಲ್ಲಿ ಹೈದರಾಲಿಯಿಂದಾದ ದುರ್ಗದ ಪತನವನ್ನೂ ವಿಸ್ತಾರವಾಗಿ ವರ್ಣಿಸಿರುವರು. ಆ ಕೋಟೆಯು ಮುತ್ತಿಗೆಗಳನ್ನು ತಡೆದುಕೊಂಡುದಕ್ಕೆ ಏಳು ಸುತ್ತಿನ ಗೋಡೆಗಳಂತೆ ಬೆಟ್ಟದ ಮೇಲಣ ನೀರೂ ಕಾರಣವೆಂಬುದು ಗಮನಾರ್ಹವಾಗಿದೆ.

ಬಂಡೆಗಳ ಮೇಲೆ ಸುರಿದ ಮಳೆಯು ಗೋಪಾಲಸ್ವಾಮಿ ಹೊಂಡದಲ್ಲಿ ನಿಲ್ಲುವುದು. ಅದು ತುಂಬಿದ ಮೇಲೆ ಅಕ್ಕತಂಗಿ ಹೊಂಡಕ್ಕೂ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡ, ಸಂತೇಹೊಂಡಗಳಿಗೂ ಇಳಿಯುವುದು. ಒಂದರ ಕೋಡಿನೀರೇ ಮತ್ತೊಂದಕ್ಕೆ ಆಧಾರ. ಓಬವ್ವನು ನೀರಿಗೆ ಹೋದಳೆಂದು ಐತಿಹ್ಯವುಳ್ಳ ತಣ್ಣೀರು ದೋಣಿಯೂ ಈ ಕೋಟೆಯಲ್ಲಿಯೇ ಇರುವುದು. ಇಲ್ಲಿ ಜಲಸಂಗ್ರಹವು ಕಟ್ಟಡಕ್ಕೆ ತರುವಾಯ ಸೇರಿಸಿದ ಅಂಗವಲ್ಲ. ಕಟ್ಟುವ ವಿದ್ಯೆಯ ಭಾಗವೇ ಆಗಿದ್ದಿತು.

ಮಯಮತವು ಸ್ಥಪತಿ, ಸೂತ್ರಗ್ರಾಹಿ, ತಕ್ಷಕ, ವರ್ಧಕಿಯೆಂದು ಶಿಲ್ಪಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಯೋಜನೆ, ಅಳತೆ, ಕೆತ್ತನೆ, ಜೋಡಣೆಗಳು ಬೇರೆ ಬೇರೆ ಕೈಗಳಲ್ಲಿದ್ದರೂ ಕಾರ್ಯವು ಒಂದೇ. ಇಂದು ಆ ಸ್ಥಾನಗಳಲ್ಲಿ ಇಂಜಿನಿಯರು, ಮೇಸ್ತ್ರಿ, ಗಾರೆಯವನು, ಪ್ಲಂಬರು ಇರುವರು. ನಕ್ಷೆಯಲ್ಲಿ ತೊಟ್ಟಿಯನ್ನು ಬರೆದ ಮಾತ್ರಕ್ಕೆ ನೀರು ನಿಲ್ಲದು. ಗಾರೆಯವನು ತಾರಸಿಗೆ ಸರಿಯಾದ ವಾಟ ಕೊಡದಿದ್ದರೆ ನೀರು ಕೊಳವೆಗೆ ಬಾರದು. ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವ ಕವಲನ್ನು ಪ್ಲಂಬರು ಇಡದಿದ್ದರೆ ಶೋಧಕವು ಕಟ್ಟಿಕೊಳ್ಳುವುದು.

ಬೆಂಗಳೂರಿನಲ್ಲಿ 2009ರ ತಿದ್ದುಪಡಿಯು ಮಳೆನೀರಿನ ಸಂಗ್ರಹವನ್ನು ನಿಯಮಿತ ವಿಸ್ತೀರ್ಣದ ನಿವೇಶನಗಳಿಗೆ ಕಡ್ಡಾಯಗೊಳಿಸಿತು. ತರುವಾಯ ಅದರ ವಿಧಾನಗಳನ್ನು ಪ್ರತ್ಯಕ್ಷವಾಗಿ ತೋರಿಸಲು ಜಯನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಉದ್ಯಾನವೂ ಏರ್ಪಟ್ಟಿತು. ಶಾಸನದೊಡನೆ ಶಿಕ್ಷಣವೂ ಬೇಕೆಂಬುದಕ್ಕೆ ಇದು ನಿದರ್ಶನ.

ದುರ್ಗದ ಸೀಮೆಗೆ ಈ ಶಿಕ್ಷಣವು ಇನ್ನೂ ಅಗತ್ಯ. ಹಿರಿಯೂರು, ಹೊಸದುರ್ಗಗಳು 1907ರಲ್ಲಿ ಪೂರ್ಣಗೊಂಡ ವಾಣೀವಿಲಾಸಸಾಗರವನ್ನೂ, ಹೊಳಲ್ಕೆರೆಯು ಸೂಳೆಕೆರೆಯನ್ನೂ, ಚಿತ್ರದುರ್ಗವು ಇವೆರಡನ್ನೂ ಅವಲಂಬಿಸಿವೆ. ವಾಣೀವಿಲಾಸಸಾಗರವು 1933ರಲ್ಲಿ ಕೋಡಿಬಿದ್ದ ಮೇಲೆ ಮತ್ತೆ ಕೋಡಿಬಿದ್ದುದು 2022ರಲ್ಲಿ. ಕೊಳವೆಬಾವಿಗಳನ್ನು ನಂಬೋಣವೆಂದರೆ ಜಿಲ್ಲೆಯ ಹಲವೆಡೆ ಆ ನೀರಿನಲ್ಲಿ ಫ್ಲೋರೈಡು ಮಿತಿಮೀರಿರುವುದು. ಹೀಗಿರಲು, 100 ಚದರ ಮೀಟರಿನ ಚಾವಣಿಯ ಮೇಲೆ 500 ಮಿಲಿಮೀಟರು ಮಳೆ ಬಿದ್ದರೆ ದೊರೆಯುವುದು 50,000 ಲೀಟರು. ಐದರಲ್ಲೊಂದು ಪಾಲು ನಷ್ಟವಾದರೂ 40,000 ಲೀಟರು ಉಳಿಯುವುದು.

ಆದುದರಿಂದ ಈ ನಾಲ್ಕು ಪಟ್ಟಣಗಳಲ್ಲಿ ಇಂಜಿನಿಯರನಿಗೂ ಗಾರೆಯವನಿಗೂ ಬೇರೆ ಬೇರೆ ಪಾಠಗಳನ್ನು ಹೇಳುವುದಕ್ಕಿಂತ ಒಂದೇ ಕಟ್ಟಡದ ಮುಂದೆ ಒಟ್ಟಿಗೆ ಕಲಿಸುವುದು ಉಚಿತ. ಅದಕ್ಕೆ ಪಾಠಶಾಲೆಯು ದೂರವಿಲ್ಲ. ಬೆಟ್ಟದ ಮೇಲೆಯೇ ಇದೆ.